ಊರಿಗೊಂದು ವಿಡಾ

ಸರ್ ತೀರಿಕೊಂಡ ಮೇಲೆ ನಿಲಂಗಾದ ಅವರ ಶಿಷ್ಯರು ಸ್ಮರಣ ಸಂಚಿಕೆ ತರಲು ಹೊರಟರು. ಮರಾಠಿಯಲ್ಲಿ ಎರಡು ಪುಟ ಬರೆದುಕೊಡಿ ಎಂದು ನನ್ನನ್ನೂ ಕೇಳಿದರು. ಕೊಟ್ಟಿದ್ದೇನೆ. ಎರಡು ಪುಟದ ತುಂಬ ಹೊಗಳಿಕೆ. ಓದಿದ ಸಂಪಾದಕರ ಕಣ್ಣು ಒದ್ದೆಯಾಯಿತಂತೆ. ಅದರಲ್ಲಿ ಒಂದು ಸಾಲನ್ನು ಬೇಕೆಂದೇ ಸೇರಿಸಿದ್ದೇನೆ, ಅದರ ಮಾತು ಕೊನೆಗೆ. ಉಳಿದದ್ದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಾನು ಆಳಂದ ಕಡೆಯವಳು, ಕನ್ನಡ ಶಾಲೆ ಕಲಿತು ಮದುವೆಯಾಗಿ ಮಹಾರಾಷ್ಟ್ರದ ಈ ಕಡೆ ಬಂದವಳು. ಹೊಗಳುವುದನ್ನು ಯಾವ ಭಾಷೆಯಲ್ಲಾದರೂ ಮಾಡಬಹುದು, ಮನಸಾರೆ ಬೈಯಬೇಕಾದರೆ ನನಗೆ ತವರಿನ ಭಾಷೆಯೇ ಬೇಕು.

ಸತ್ತವರ ಬಗ್ಗೆ ಕೆಟ್ಟದ್ದಾಡಬಾರದು ಎನ್ನುತ್ತಾರೆ. ಇದನ್ನೆಲ್ಲ ಬದುಕಿದ್ದಾಗ ಅವರ ಮುಖದ ಮುಂದೆಯೇ ಆಡಿದ್ದೇನೆ. ಹಾಗಾಗಿ ಆ ನೇಮ ನನಗೆ ತಾಗುವುದಿಲ್ಲ.

ಅವರು ತುರೋರಿಯವರು. ಉಮರ್ಗಾ ತಾಲೂಕಿನಲ್ಲಿ ಹೆದ್ದಾರಿಯ ಮೇಲಿರುವ ಊರು. ನಿಲಂಗಾದ ಕಾಲೇಜಿನಲ್ಲಿ ಅವರು ರಾಜ್ಯಶಾಸ್ತ್ರ ಕಲಿಸುತ್ತಿದ್ದರು, ನಾನು ಭೂಗೋಳ. ಪಾಠ ಮರಾಠಿಯಲ್ಲಿ, ಜಗಳ ಕನ್ನಡದಲ್ಲಿ. ತೆಳ್ಳಗಿನ ಎತ್ತರದ ಆಳು. ಬೆಳಿಗ್ಗೆ ಹಚ್ಚಿದ ವಿಭೂತಿ ಸಂಜೆಯ ತನಕ ಒಂದು ಗೆರೆ ಅಳಿಸುತ್ತಿರಲಿಲ್ಲ, ಅದನ್ನು ಕಂಡರೂ ನನಗೆ ಸಿಟ್ಟು ಬರುತ್ತಿತ್ತು. ನನ್ನನ್ನು ‘ಬಾಯಿ’ ಎಂದು ಕರೆಯುತ್ತಿದ್ದರು. ಮರಾಠಿಯಲ್ಲಿ ಬಾಯಿ ಎಂದರೆ ಮೇಡಂ. ಕನ್ನಡದಲ್ಲಿ ಬಾಯಿ ಎಂದರೆ ಬಾಯಿಯೇ. ಅವರು ಎರಡೂ ಅರ್ಥ ಸೇರಿಸಿಯೇ ಕರೆಯುತ್ತಿದ್ದರು.

ಜೇಬಿನಲ್ಲಿ ಯಾವಾಗಲೂ ಹುರಿದ ಶೇಂಗಾ ಇರುತ್ತಿತ್ತು. ಅಮೇರಿಕಾದ ಅಧ್ಯಕ್ಷರನ್ನು ಆರಿಸುವ ಪಾಠ ಬಂತೆಂದರೆ ಅದನ್ನೆಲ್ಲ ಮೇಜಿನ ಮೇಲೆ ಸುರಿದು ದೊಡ್ಡ ಗುಂಪು, ಸಣ್ಣ ಗುಂಪು ಮಾಡುತ್ತಿದ್ದರು. ಅಲ್ಲಿ ಮಂದಿ ಹಾಕಿದ ಮತವನ್ನು ದೇಶಪೂರ್ತಿ ಕೂಡಿಸಿ ಎಣಿಸುವುದಿಲ್ಲ. ಒಂದೊಂದು ರಾಜ್ಯಕ್ಕೆ ಇಷ್ಟು ಎಂದು ಪ್ರತಿನಿಧಿ ಮತಗಳಿವೆ. ಹೆಚ್ಚುಕಡಿಮೆ ಎಲ್ಲ ರಾಜ್ಯಗಳಲ್ಲೂ, ಯಾರು ಒಂದೇ ಒಂದು ಮತದಿಂದ ಮುಂದಿದ್ದರೂ ಆ ರಾಜ್ಯದ ಅಷ್ಟೂ ಪ್ರತಿನಿಧಿ ಮತ ಅವರಿಗೇ. ಸೋತವರ ಹಿಂದಿದ್ದ ಲಕ್ಷಾಂತರ ಮಂದಿ ಲೆಕ್ಕಕ್ಕೇ ಇಲ್ಲ. ಇದನ್ನು ಹೇಳಿ ಮುಗಿಸಿ, ಸೋತವರ ಶೇಂಗಾವನ್ನು ಗೆದ್ದವರ ಗುಂಪಿಗೆ ಸರಿಸಿ, ಹುಡುಗರ ಮುಂದೆಯೇ ತಿಂದುಬಿಡುತ್ತಿದ್ದರು.

“ಇದು ಅನ್ಯಾಯ ಅಲ್ಲೇನ್ರೀ ಸರ್?” ಎಂದು ಪ್ರತಿ ವರ್ಷ ಯಾರಾದರೂ ಕೇಳುತ್ತಿದ್ದರು. ಅದಕ್ಕೇ ಕಾದಿರುತ್ತಿದ್ದರು ಪುಣ್ಯಾತ್ಮ.

“ತಲಿ ಎಣಸಾಂವ ಕುರಿ ಕಾಯಾಂವ. ನಾವು ಊರು ಎಣಸೋಣು.”

ಈ ಮಾತನ್ನು ಅವರು ಮರಾಠಿ ಪಾಠದ ನಡುವೆ ಕನ್ನಡದಲ್ಲೇ ಹೇಳುತ್ತಿದ್ದರು. ಕನ್ನಡ ಬಾರದ ಹುಡುಗರಿಗೂ ಅದು ಬಾಯಿಪಾಠವಾಗಿತ್ತು.

ಸ್ಟಾಫ್ ರೂಮಿನಲ್ಲೂ ಇದೇ ಕಾರುಬಾರು. ಸಂಜೆ ಚಹಾ ತರಿಸಬೇಕೋ ಲಿಂಬು ಸರಬತ್ತೋ ಎಂಬುದಕ್ಕೆ ವಿಭಾಗಕ್ಕೊಂದು ಮತ. ಮರಾಠಿ ವಿಭಾಗದಲ್ಲಿ ಮಾಸ್ತರುಗಳು ಬೆಂಚು ತುಂಬಿದ್ದರು, ಅವರೆಲ್ಲ ಸರಬತ್ತಿನವರು. ಭೂಗೋಳಕ್ಕೆ ನಾನೊಬ್ಬಳೇ, ರಾಜ್ಯಶಾಸ್ತ್ರಕ್ಕೆ ಅವರೊಬ್ಬರೇ. ಇಬ್ಬರೂ ಸೇರಿ ವರ್ಷಗಟ್ಟಲೆ ಆ ಬೆಂಚಿಗೆ ಚಹಾ ಕುಡಿಸಿದೆವು. “ನೀ ನಮ್ಮ ತುರೋರಿ ಇದ್ದಂಗ ಬಾಯಿ. ಸಣ್ಣದು, ಖರೆ ಅಡ್ಡ ನಿಂತ್ರ ಲಾರಿನೂ ನಿಲ್ತದ,” ಎಂದು ನಗುತ್ತಿದ್ದರು. ನಾನೂ ನಕ್ಕಿದ್ದೇನೆ. ಕುತ್ತಿಗೆಗೆ ಬರುವ ಹಗ್ಗವನ್ನು ಚಹಾದಲ್ಲಿ ಅದ್ದಿ ಕುಡಿಸುತ್ತಿದ್ದಾರೆಂದು ನನಗೆ ತಿಳಿಯಲಿಲ್ಲ.

ಹಗ್ಗ ಬಂದದ್ದು ನಮ್ಮ ಸಮಾಜದ ಮಂಡಳಿಯ ಕಡೆಯಿಂದ. ಮಂಡಳಿ ಇರುವುದು ಉದಗೀರದಲ್ಲಿ. ಉಮರ್ಗಾ, ನಿಲಂಗಾ, ಉದಗೀರ, ಈ ಮೂರು ತಾಲೂಕು ಸುತ್ತಲಿನ ಲಿಂಗ ಕಟ್ಟಿದ ಮನೆಗಳೆಲ್ಲ ಅದಕ್ಕೆ ಸೇರಿದವು. ಪೇಟೆಯಲ್ಲಿ ಕಾಳು, ಬಟ್ಟೆ ಮಾರುವವರು, ಹಳ್ಳಿಯಲ್ಲಿ ಹೊಲ ಮಾಡುವವರು. ಅಧ್ಯಕ್ಷರನ್ನು ಆರಿಸಲು ಅಲ್ಲಿ ಒಂದು ಹಳೆಯ ಪದ್ಧತಿ ಇತ್ತು. ಮೊದಲು ಆಯಾ ಊರಿನವರು ತಮ್ಮ ಮಠದ ಅಂಗಳದಲ್ಲಿ ಕೂಡಿ ಕೈ ಎತ್ತಬೇಕು. ಯಾರಿಗೆ ಒಂದು ಕೈ ಹೆಚ್ಚೋ ಇಡೀ ಊರು ಅವರದು. ಆಮೇಲೆ ಊರಿನ ಹಿರಿಯರೊಬ್ಬರು ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟುಕೊಂಡು ಉದಗೀರಕ್ಕೆ ಬಂದು, ಗೆದ್ದವರ ಮುಂದೆ ಇಡಬೇಕು. ನಾವು ವೀಳ್ಯ ಎನ್ನುವುದನ್ನು ಇಲ್ಲಿ ಮರಾಠಿಯ ಗಾಳಿ ತಾಗಿ ವಿಡಾ ಎನ್ನುತ್ತಾರೆ. ಊರು ದೊಡ್ಡದಿರಲಿ ಸಣ್ಣದಿರಲಿ, ಊರಿಗೊಂದು ವಿಡಾ. ಯಾರ ಮುಂದೆ ಹೆಚ್ಚು ತಟ್ಟೆ ಕೂತವೋ ಅವರು ಅಧ್ಯಕ್ಷರು. ಈ ಪದ್ಧತಿಯನ್ನು ಸರ್ ಹುಟ್ಟಿಸಲಿಲ್ಲ. ಆದರೆ ಹೆತ್ತವರಿಗಿಂತ ಹೆಚ್ಚು ಮುದ್ದಿನಿಂದ ಸಾಕಿದರು. ಬಹಳ ಕಾಲ ಅವರೇ ಅಧ್ಯಕ್ಷರಾಗಿದ್ದರು.

ಮಂಡಳಿಗೆ ಉದಗೀರದಲ್ಲಿ ಒಂದು ಖಾಲಿ ಜಾಗ ಇತ್ತು. ಅಲ್ಲಿ ಮದುವೆಯ ಕಾರ್ಯಾಲಯ, ಅಂದರೆ ಕಲ್ಯಾಣ ಮಂಟಪ, ಕಟ್ಟುತ್ತೇನೆಂದು ಅವರು ಹಳ್ಳಿಗಳಿಗೆ ಮಾತು ಕೊಟ್ಟಿದ್ದರು. ನನಗೆ ಹುಡುಗಿಯರ ವಸತಿಗೃಹ ಬೇಕಿತ್ತು. ಜಳಕೋಟ, ವಲಾಂಡಿ ಕಡೆಯ ಹುಡುಗಿಯರು ಉದಗೀರದ ಕಾಲೇಜಿಗೆ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ಸಂಜೆಯ ಬಸ್ಸು ತಪ್ಪಿತೆಂದರೆ ಮನೆಯಲ್ಲಿ ಗದ್ದಲ, ಎರಡು ಸಲ ತಪ್ಪಿತೆಂದರೆ ಮದುವೆ. ಕಾರ್ಯಾಲಯ ಕಟ್ಟಿದರೆ ಆ ಮದುವೆ ಇನ್ನಷ್ಟು ಸಲೀಸಾಗುತ್ತಿತ್ತು, ಅಷ್ಟೇ. ಇದನ್ನು ಅವರಿಗೆ ಬಿಡಿಸಿ ಹೇಳಿದೆ.

“ಹಳ್ಳಿಯವರು ಕೇಳಿದ್ದು ಕಾರ್ಯಾಲಯ. ನಿನಗ ವಸತಿಗೃಹ ಬೇಕಂದ್ರ ಚುನಾವಣಿಗೆ ನಿಲ್ಲು,” ಎಂದರು.

ನಿಂತೆ. ಉದಗೀರದ ಹೆಂಗಸರು ಅಡುಗೆ ಬಿಟ್ಟು ಬಂದು ಅಂಗಳ ತುಂಬಿ ಕೈ ಎತ್ತಿದರು. ನಿಲಂಗಾದಲ್ಲೂ ನನ್ನದೇ ಮೇಲುಗೈ. ಹಳ್ಳಿಗಳಲ್ಲಿ ಒಂದೆರಡು ಕೈಗಳ ಅಂತರದಲ್ಲಿ ಸೋಲುತ್ತ ಹೋದೆ. ಎತ್ತಿದ ಕೈಗಳನ್ನೆಲ್ಲ ಕೂಡಿಸಿದರೆ ನನಗೇ ಹೆಚ್ಚು, ಅದನ್ನು ಯಾರೂ ಅಲ್ಲಗಳೆಯಲಿಲ್ಲ. ಆದರೆ ತಟ್ಟೆಗಳು ಒಂದರ ಹಿಂದೆ ಒಂದು ಬಂದು ಅವರ ಮುಂದೆ ಕೂತವು. ಉದಗೀರದ ಅಷ್ಟೂ ಹೆಂಗಸರು ಸೇರಿ ನನಗೆ ಒಂದು ತಟ್ಟೆ. ತುರೋರಿಯ ನಾಲ್ಕು ಓಣಿ ಸೇರಿ ಅವರಿಗೂ ಒಂದು ತಟ್ಟೆ.

ನಾನು ಎದ್ದು ನಿಂತು ಕೂಗಿದೆ, “ತಲಿ ಎಣಸ್ರಿ! ಅಮೇರಿಕಾದಾಗೂ ದೊಡ್ಡ ರಾಜ್ಯಕ್ಕ ಹೆಚ್ಚಿನ ಪಾಲು ಅದ. ಇಲ್ಲಿ ಅದೂ ಇಲ್ಲ!”

“ಹಂಗಾರ ನಾವು ಅಮೇರಿಕಾಕ್ಕಿಂತ ಮುಂದ ಇದ್ದೀವಿ,” ಎಂದರು ಸರ್. ಸಭೆ ಗೊಳ್ಳೆಂದಿತು. ಆಮೇಲೆ ಶಾಂತವಾಗಿ ಹೇಳಿದರು, “ಕುಸ್ತಿಯೊಳಗ ಯಾರು ಎಷ್ಟು ಸಲ ದಬ್ಬಿದರು ಅಂತ ಎಣಸಂಗಿಲ್ಲ ಬಾಯಿ. ಬೆನ್ನಿಗೆ ಮಣ್ಣ ಹತ್ತಿತೋ ಇಲ್ಲೋ, ಅಷ್ಟೇ.”

ಇದನ್ನು ನುಂಗಿಕೊಳ್ಳುತ್ತಿದ್ದೆನೇನೋ. ಅದೇ ಚಳಿಗಾಲದಲ್ಲಿ ಅಮೇರಿಕಾದಲ್ಲೂ ಚುನಾವಣೆ ನಡೆದು, ದೇಶದಲ್ಲಿ ಹೆಚ್ಚು ಮತ ಪಡೆದ ಹೆಂಗಸು ಸೋತಳು. ಅವರಿಗೆ ಹಬ್ಬವಾಯಿತು. ಮರುದಿನ ತರಗತಿಯಲ್ಲಿ ಫಲಕದ ಮೇಲೆ ಎರಡು ಜಡೆ ಬರೆದು, ಒಂದರ ಕೆಳಗೆ ‘ಅಮೇರಿಕಾ’, ಇನ್ನೊಂದರ ಕೆಳಗೆ ‘ಭೂಗೋಳ’ ಎಂದು ಬರೆದರಂತೆ. “ಹೆಚ್ಚು ಮತ ತಗೊಂಡು ಮನಿಗೆ ಹೋದಾಕಿ ಅಲ್ಲೊಬ್ಬಾಕಿ, ಇಲ್ಲೊಬ್ಬಾಕಿ,” ಎಂದರಂತೆ. ಹುಡುಗರು ನಕ್ಕಿದ್ದು ನನ್ನ ತರಗತಿಗೂ ಕೇಳಿಸಿತು. ಯಾಕೆ ಎಂದು ತಿಳಿದದ್ದು ಗಂಟೆ ಹೊಡೆದ ಮೇಲೆ, ಆ ಫಲಕ ಒರೆಸದೆ ಬಿಟ್ಟ ಕೋಣೆಗೆ ನಾನು ಪಾಠಕ್ಕೆ ಹೋದಾಗ. ಆ ಎರಡು ಜಡೆಯನ್ನು ನನ್ನ ಕೈಯಿಂದಲೇ ಒರೆಸಿದೆ.

ಮರಾಠಿಯಲ್ಲಿ ವಿಡಾ ಎತ್ತುವುದು ಎಂಬ ಮಾತಿದೆ. ನಮ್ಮ ರಣವೀಳ್ಯವೇ ಅದು. ಆವತ್ತು ಡಸ್ಟರ್ ಹಿಡಿದುಕೊಂಡೇ ನಾನು ವಿಡಾ ಎತ್ತಿದೆ. ಈ ಮನುಷ್ಯ ಒಂದು ದಿನ ತುಂಬಿದ ಸಭೆಯಲ್ಲಿ ಎದ್ದು ನಿಂತು “ತಲಿ ಎಣಸ್ರಿ” ಎಂದು ಒದರಬೇಕು. ನಾನು ಕೂತಲ್ಲಿಂದಲೇ “ಊರು ಎಣಸೋಣು ಸರ್” ಎನ್ನಬೇಕು. ಇಷ್ಟಾದರೆ ಸಾಕು ಎಂದುಕೊಂಡೆ. ಆಮೇಲೆ ಎಷ್ಟೋ ವರ್ಷ ಚಪಾತಿ ಲಟ್ಟಿಸುವಾಗ ಆ ಒಂದು ಮಾತನ್ನು ಬೇರೆ ಬೇರೆ ದನಿಯಲ್ಲಿ ಆಡಿ ನೋಡಿದ್ದೇನೆ.

ಮುಂದಿನ ಚುನಾವಣೆಗೆ ನಾನು ಉದಗೀರದ ಕಡೆ ತಲೆ ಹಾಕಲಿಲ್ಲ. ನನ್ನ ಹಳೆಯ ಹೆಂಗಸರು ಮುನಿಸಿಕೊಂಡು, ಮೇಡಂ ನಮ್ಮನ್ನು ಮರೆತರು ಎಂದರು. ಮರೆತಿರಲಿಲ್ಲ. ಅಲ್ಲಿ ಸಾವಿರ ಕೈ ಎದ್ದರೂ ತಟ್ಟೆ ಒಂದೇ. ನಾನು ವಲಾಂಡಿಗೆ ಹೋದೆ, ಹೆಸರೇ ಕೇಳಿರದ ಸಣ್ಣ ಸಣ್ಣ ಊರುಗಳಿಗೆ ಹೋದೆ. ಎಲ್ಲಿ ಒಂದೆರಡು ಕೈಯಿಂದ ಸೋತಿದ್ದೆನೋ ಅಲ್ಲಿಗೇ ಹೋಗಿ ಕೂತೆ. ಗಟ್ಟಿ ಇದ್ದ ಊರನ್ನೂ ಆಸೆಯೇ ಇಲ್ಲದ ಊರನ್ನೂ ಬಿಟ್ಟುಬಿಟ್ಟೆ. ವಸತಿಗೃಹ ಕಟ್ಟಿದರೆ ಊರಿಗೊಂದು ಕೋಣೆ, ಬಾಗಿಲ ಮೇಲೆ ಆ ಊರಿನ ಹೆಸರು ಎಂದು ಮಾತು ಕೊಟ್ಟೆ. ಹಳ್ಳಿಯ ಹಿರಿಯರಿಗೆ ಅದು ಬಹಳ ಹಿಡಿಸಿತು.

ತುರೋರಿಗಂತೂ ಹಟ ಹಿಡಿದು ಹೋದೆ. ಅಲ್ಲಿ ಅದುವರೆಗೆ ಮನೆಯ ಯಜಮಾನ ಕೈ ಎತ್ತಿದರೆ ಮನೆಯವರೆಲ್ಲ ಎತ್ತಿದಂತೆ. ನಾನು ಅಡುಗೆಮನೆಗಳಲ್ಲಿ ಕೂತು ರೊಟ್ಟಿ ಬಡಿದೆ, ನಿಮ್ಮ ಕೈ ನಿಮ್ಮ ಹೆಗಲಿಗೇ ಅಂಟಿಕೊಂಡಿದೆ ಎಂದೆ. ಚುನಾವಣೆಯ ದಿನ ಮಠದ ಅಂಗಳಕ್ಕೆ ಮೊದಲ ಬಾರಿ ಸೆರಗುಗಳು ಬಂದವು.

ಆ ಸಲ ಉದಗೀರವೂ ನಿಲಂಗಾವೂ ಮುನಿಸಿಕೊಂಡು ಅವರ ಕಡೆ ಹೋದವು. ಒಟ್ಟು ಕೈ ಎಣಿಸಿದರೆ ಅವರಿಗೆ ಬಹಳ ಹೆಚ್ಚು. ಆದರೆ ತಟ್ಟೆಗಳು ನನ್ನ ಮುಂದೆ ಕೂತವು. ಕೊನೆಗೆ ಬರಬೇಕಾದದ್ದು ತುರೋರಿಯದು. ಊರಿನ ಹಿರಿಯರೆಂದು ಅದನ್ನು ತರುವವರು ಸರ್ ಅವರೇ. ತಾವು ಸೋತ ತಟ್ಟೆಯನ್ನು ತಾವೇ ಹೊತ್ತು ತಂದು ನನ್ನ ಮುಂದೆ ಇಡಬೇಕು. “ಊರು ಎಣಸೋಣು ಸರ್” ಎಂಬುದನ್ನು ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡು ಕೂತೆ.

ಉದಗೀರದ ವ್ಯಾಪಾರಿಗಳು ಎದ್ದು ಗದ್ದಲ ಮಾಡಿದರು. “ತಲಿ ಎಣಸ್ರಿ! ತಲಿ ಎಣಸ್ರಿ!”

ಸರ್ ಹಿಂತಿರುಗಿ ಅವರನ್ನೇ ಗದರಿದರು. “ಕುಂದರ್ರಿ! ನಾ ಗೆದ್ದಾಗ ಒಂದು ಕಾಯ್ದಾ, ಸೋತಾಗ ಒಂದು ಕಾಯ್ದಾ ಮಾಡ್ತೀರೇನು? ನಾಚಿಕಿ ಬರಂಗಿಲ್ಲ?”

ತಟ್ಟೆ ತಂದು ನನ್ನ ಮುಂದೆ ಇಟ್ಟರು. ಬಾಗಿ, ನನಗಷ್ಟೇ ಕೇಳುವಂತೆ ಕೇಳಿದರು, “ರೊಟ್ಟಿ ಭಾಳ ಬಡದೀದಿ ಅಂತಲ್ಲ ನಮ್ಮೂರಾಗ? ನಿನ್ನ ತುರೋರಿಗೆ ಕರಕೊಂಡು ಬಂದವರು ಯಾರು ಬಾಯಿ? ತಲಿ ಎಣಸಿದ್ರ ಬರ್ತಿದ್ದೇನು?”

ಚಪಾತಿ ಲಟ್ಟಿಸುತ್ತ ತಿದ್ದಿ ತೀಡಿದ ನನ್ನ ಮಾತಿಗೆ ಅವರು ಜಾಗವನ್ನೇ ಬಿಡಲಿಲ್ಲ. ಗೆದ್ದವಳು ನಾನು, ಹಾರ ನನ್ನ ಕೊರಳಿಗೆ ಬಿತ್ತು, ನಗುತ್ತ ಹೋದವರು ಅವರು. ಅವರನ್ನು ನಾನು ಅತಿ ಹೆಚ್ಚು ದ್ವೇಷಿಸಿದ್ದು ಆ ದಿನ. ಜಡೆ ಬರೆದ ದಿನಕ್ಕಿಂತಲೂ ಹೆಚ್ಚು.

ವಸತಿಗೃಹ ಎದ್ದಿತು. ಊರಿಗೊಂದು ಕೋಣೆಯೂ ಆಯಿತು. ತುರೋರಿಯ ಕೋಣೆಯಲ್ಲಿ ಒಬ್ಬಳೇ ಹುಡುಗಿ ಎರಡು ಕಿಟಕಿ ತೆರೆದುಕೊಂಡು ಮಲಗಿದಳು, ಜಳಕೋಟದ ಹುಡುಗಿಯರು ಒಬ್ಬರ ಕಾಲು ಇನ್ನೊಬ್ಬರ ತಲೆಗೆ ತಾಗಿಸಿಕೊಂಡು ನೆಲದ ಮೇಲೆ ಮಲಗಿದರು. ದೀಪಾವಳಿಗೆ ಮೊದಲೇ ಹುಡುಗಿಯರು ತಾವೇ ಬಾಗಿಲ ಮೇಲಿನ ಊರ ಹೆಸರಿನ ಹಲಗೆಗಳನ್ನು ಕಿತ್ತು ಅಟ್ಟಕ್ಕೆ ಎಸೆದು, ಹಾಸಿಗೆ ಲೆಕ್ಕದಲ್ಲಿ ಹಂಚಿಕೊಂಡರು. ಇದೂ ಅವರ ಪಾಪವೇ. ಅವರ ಜೊತೆ ಅಷ್ಟು ವರ್ಷ ಜಗಳವಾಡಿ ನನಗೂ ಊರು ಎಣಿಸುವ ರೋಗ ಹತ್ತಿತ್ತು. ಒಮ್ಮೆ ವಸತಿಗೃಹ ನೋಡಲು ಬಂದ ಸರ್, “ತುರೋರಿ ಕೋಣಿ ಯಾವುದು?” ಎಂದು ಕೇಳಿದರು. ಹಲಗೆ ಕಿತ್ತ ಸುದ್ದಿ ಹೇಳಿದೆ. ಜೇಬಿನ ಶೇಂಗಾ ಎಲ್ಲ ಆ ಹುಡುಗಿಯರಿಗೆ ಹಂಚಿ ಹೋದರು. ತಲೆಗೆ ಇಷ್ಟಿಷ್ಟು ಎಂದು ಸಮನಾಗಿಯೇ ಹಂಚಿದರು. ನಾನು ನೋಡುತ್ತಿದ್ದೇನೆಂದು ಅವರಿಗೆ ಗೊತ್ತಿರಲಿಲ್ಲ.

ಹೋದ ಬೇಸಗೆಯಲ್ಲಿ ತೀರಿಕೊಂಡರು. ತುರೋರಿಯ ಅವರ ಹೊಲದಲ್ಲೇ ಮಣ್ಣು. ಹೆದ್ದಾರಿಯಿಂದ ಹೊಲದ ತನಕ ಮಂದಿ. ನಿಲಂಗಾದ ಹಳೆಯ ಶಿಷ್ಯರು, ಉದಗೀರದ ವ್ಯಾಪಾರಿಗಳು, ವಸತಿಗೃಹದ ಹುಡುಗಿಯರು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸಿ ಮಣ್ಣು ಮಾಡುತ್ತಾರೆ. ಕುಣಿಯಲ್ಲಿ ಕೂತಿದ್ದ ಅವರನ್ನು ನೋಡಿ ನನಗೆ ಮೊದಲು ಬಂದ ಯೋಚನೆ, ಈ ಮನುಷ್ಯ ಸತ್ತ ಮೇಲೂ ಬೆನ್ನು ಕೆಳಗೆ ಹಾಕಲಿಲ್ಲವಲ್ಲ ಎಂಬುದು. ವಿಭೂತಿಯ ಗೆರೆ ಆಗಲೂ ನೆಟ್ಟಗಿತ್ತು.

ಬಿಸಿಲು ಏರುತ್ತಿತ್ತು. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಲು ನುಗ್ಗಿದರೆ ಕುಣಿಯ ಅಂಚು ಕುಸಿದೀತೆಂದು ಹಿರಿಯರು ನನ್ನ ಕಡೆ ನೋಡಿದರು. ಅಧ್ಯಕ್ಷೆ ನಾನೇ. “ಹ್ಯಾಂಗ ಮಾಡೋಣ್ರಿ?” ಎಂದು ಕೇಳಿದರು.

ನಾನು ಹೇಳಿದೆ, “ಊರಿಗೊಬ್ಬರು. ಸರ್ ಅವರದೇ ಕಾಯ್ದಾ.”

ಹೇಳುವಾಗ ಬಾಯಿ ಸಿಹಿಯಾಯಿತು. ಸುಳ್ಳು ಯಾಕೆ ಹೇಳಲಿ. ಅವರನ್ನು ಪ್ರೀತಿಸಿದ ಅಷ್ಟೂ ತಲೆಗಳು ಲೆಕ್ಕಕ್ಕಿಲ್ಲದೆ ಬಿಸಿಲಲ್ಲಿ ನಿಲ್ಲಲಿ, ಉದಗೀರದ ನನ್ನ ಹೆಂಗಸರು ಒಂದು ದಿನ ನಿಂತಿದ್ದರಲ್ಲ ಹಾಗೆ. ವಲಾಂಡಿಯವರು ಬಂದು ಹಾಕಿದರು. ಜಳಕೋಟದವರು ಹಾಕಿದರು. ಉದಗೀರದ್ದಾಯಿತು. ತುರೋರಿಯ ಪರವಾಗಿ ಅವರ ತಮ್ಮ ಹಾಕಿದ. ನಿಲಂಗಾದ ಪರವಾಗಿ ನಾನು ಹಾಕಿದೆ. ಅವರ ಬೆನ್ನ ಹಿಂದಕ್ಕೆ ಬೀಳುವಂತೆ ನೋಡಿ ಹಾಕಿದೆ.

ಆಗ ಅವರ ಹೆಂಡತಿ ಮುಂದೆ ಬಂದರು. ಕೈಯಲ್ಲಿ ಮಣ್ಣಿತ್ತು. ಹಿರಿಯರೊಬ್ಬರು ಮೆಲ್ಲಗೆ, “ತುರೋರಿದು ಆಗ್ಯಾದ ಅಕ್ಕಾ,” ಎಂದರು.

“ಹಂಗಾದ್ರ ನಾ ಯಾವ ಊರಾಕಿ?” ಎಂದು ಆಕೆ ಕೇಳಿದರು. ದನಿ ಏರಲಿಲ್ಲ. “ತವರೂರು ಬಿಟ್ಟು ಬಂದೆ. ತುರೋರಿದು ಮೈದುನ ಹಾಕ್ಯಾನ. ಸಂಸಾರ ಮಾಡಿದ್ದು ನಿಲಂಗಾದಾಗ, ಅದು ಈಕಿ ಹಾಕ್ಯಾಳ. ನನ್ನ ಪಾಲಿಂದು ಯಾರ ಕೈಯಾಗ ಅದ? ಹೇಳ್ರಿ.”

ಆಕೆ ನನ್ನ ಕಡೆ ತಿರುಗಿದರು.

“ನಾ ಊರಲ್ಲ. ನಾ ಒಂದು ತಲಿ. ತಲಿ ಎಣಸ್ರಿ.”

ಮಣ್ಣು ಹಾಕಿದರು. ಆಕೆಯ ಹಿಂದೆ ವಸತಿಗೃಹದ ಹುಡುಗಿಯರು ಬಂದರು, ಅವರ ಹಿಂದೆ ಶಿಷ್ಯರು. ನಾನು ಬದಿಗೆ ಸರಿದೆ. ಅಂಚು ಕುಸಿಯಲಿಲ್ಲ. ಹಿಡಿ ಹಿಡಿ ಮಣ್ಣಿನಿಂದಲೇ ಕುಣಿ ತುಂಬಿತು, ಗುದ್ದಲಿ ಮುಟ್ಟಬೇಕಾಗಲಿಲ್ಲ. ಅವರ ಬಾಯಿಂದ ಕೇಳಬೇಕೆಂದು ನಾನು ವರ್ಷಗಟ್ಟಲೆ ಕಾದ ಮಾತು ಅವರ ಮನೆಯಿಂದಲೇ ಬಂತು, ಅವರದೇ ಕುಣಿಯ ಮೇಲೆ. ಕೇಳಲು ಅವರಿಗೆ ಕಿವಿ ಇರಲಿಲ್ಲ. ಹೊಲದ ಬದುವಿನ ಮೇಲೆ ಕೂತು ಅತ್ತೆ. ದುಃಖಕ್ಕೆ ಅತ್ತೆನೆಂದು ಎಲ್ಲರೂ ನೀರು ಕೊಟ್ಟರು, ಅತ್ತದ್ದು ಸಿಟ್ಟಿಗೆ.

ಮುಂದಿನ ಸಭೆಯಲ್ಲಿ ವಿಡಾ ಪದ್ಧತಿ ತೆಗೆದು ತಲೆಗೊಂದು ಮತ ಮಾಡಿದೆವು. ಅದನ್ನು ತೆಗೆಯಲಿಕ್ಕೂ ವಿಡಾಗಳೇ ಬೇಕಾದವು. ತುರೋರಿಯ ತಟ್ಟೆ ಹೊತ್ತು ತಂದವರು ಅವರ ಹೆಂಡತಿ. ವಲಾಂಡಿ ಒಪ್ಪಲಿಲ್ಲ. “ನಾಳಿಗೆ ನಮ್ಮೂರಿಗೆ ಯಾರು ಬರ್ತಾರ್ರೀ?” ಎಂದು ಅಲ್ಲಿಯ ಹಿರಿಯರು ಕೇಳಿದರು. ನಾನು ಬರುತ್ತೇನೆ ಎಂದೆ. “ನೀವು ಬರ್ತೀರಿ. ನಿಮ್ಮ ಹಿಂದಿನವರು?” ಎಂದರು. ಸರ್ ಇದ್ದಿದ್ದರೆ ಈ ಪ್ರಶ್ನೆಗೆ ಶೇಂಗಾ ಸುರಿದು ಗಂಟೆಗಟ್ಟಲೆ ಮಾತಾಡುತ್ತಿದ್ದರು. ನಾನು ಉಳಿದ ಊರುಗಳ ತಟ್ಟೆ ಎಣಿಸಿದೆ.

ಇನ್ನು ಮರಾಠಿಯ ಆ ಒಂದು ಸಾಲಿನ ಮಾತು. “ತಲೆಗೊಂದು ಮತ ಎಂಬ ನಮ್ಮ ಮಂಡಳಿಯ ಹೊಸ ನಿಯಮಕ್ಕೆ ಮೂಲ ಪ್ರೇರಣೆ ನಮ್ಮ ಪ್ರೀತಿಯ ಸರ್, ಊರಿಗಿಂತ ಮನುಷ್ಯ ದೊಡ್ಡವನೆಂದು ಅವರು ಜೀವನವಿಡೀ ಸಾರಿದರು.” ಹೀಗೆಂದು ಬರೆದುಕೊಟ್ಟಿದ್ದೇನೆ. ಸಂಪಾದಕರ ಕಣ್ಣು ಒದ್ದೆಯಾದದ್ದು ಈ ಸಾಲಿಗೇ. ನಿಯಮಕ್ಕೆ ಅವರ ಹೆಸರನ್ನೇ ಇಟ್ಟಿದ್ದೇವೆ, ಅದೂ ನನ್ನದೇ ಸೂಚನೆ. ಇನ್ನು ಮೇಲೆ ಉಮರ್ಗಾದಿಂದ ಉದಗೀರದ ತನಕ ಯಾರೇ ತಲೆ ಎಣಿಸಲಿ, ಸರ್ ಹೆಸರು ಹೇಳಿಯೇ ಎಣಿಸಬೇಕು. ಫಲಕದ ಮೇಲೆ ಬರೆದದ್ದನ್ನು ನಾನು ಒರೆಸಿದೆ. ಅಚ್ಚಾದದ್ದನ್ನು ಅವರು ಒರೆಸಲಿ, ನೋಡುತ್ತೇನೆ.

ಸಂಚಿಕೆಯ ಬಿಡುಗಡೆ ನಿಲಂಗಾದಲ್ಲಿ, ಅದೇ ಕಾಲೇಜಿನ ಸಭಾಂಗಣದಲ್ಲಿ. ಆ ಸಾಲನ್ನು ನಾನೇ ಓದಬೇಕಂತೆ. ಓದುತ್ತೇನೆ. ಧೈರ್ಯವಿದ್ದರೆ ಆ ಮನುಷ್ಯ ಕುಣಿಯಿಂದ ಎದ್ದು ಬಂದು, ತುಂಬಿದ ಸಭೆಯಲ್ಲಿ, “ಸುಳ್ಳ ಹೇಳ್ತದ ಈ ಬಾಯಿ!” ಎಂದು ಒಂದು ಸಲ ಒದರಲಿ. ಒಂದೇ ಸಲ. ನಾನು ನಡುವೆ ಓದು ನಿಲ್ಲಿಸಿ ಕಾಯುತ್ತೇನೆ.